ಯಾತ್ರೆ ವ್ಯಾನಿನ ಸೀಟಿನ ಕೆಳಗೊಂದು ಸಿಲಿಂಡರ್: ಅದೂ ಅಡುಗೆಮನೆಯೇ ಅಂತ ಒಪ್ಪಿಕೊಳ್ಳಿ

"ಸಿಲಿಂಡರ್ ಎಲ್ಲಿಟ್ಟಿದ್ದೀರಿ?"

ಯಾತ್ರೆಗೆ ಹೊರಟು ನಿಂತ ಟೆಂಪೋ ಟ್ರಾವೆಲರ್ ಹತ್ತಿರ ಹೋಗಿ ಈ ಪ್ರಶ್ನೆ ಕೇಳಿ ನೋಡಿ. ಡ್ರೈವರ್ ಮುಖ ಆ ಕಡೆ ತಿರುಗಿಸುತ್ತಾನೆ. ಅಡುಗೆಯವನು ಸುಮ್ಮನೆ ನಗುತ್ತಾನೆ. ಹಿರಿಯರೊಬ್ಬರು ಮುಂದೆ ಬಂದು, "ಅದೆಲ್ಲಾ ನಿಮಗ್ಯಾಕೆ ಪೇಪರ್‌ನೋರೇ, ಪ್ರಸಾದ ತಂದುಕೊಡ್ತೀವಿ ಬಿಡಿ" ಅನ್ನುತ್ತಾರೆ.

ಸಿಲಿಂಡರ್ ಎಲ್ಲಿದೆ ಅಂತ ಕೇಳಿದವನಿಗೂ ಗೊತ್ತು, ಕೇಳಿಸಿಕೊಂಡವರಿಗೂ ಗೊತ್ತು. ಕೊನೇ ಸೀಟಿನ ಕೆಳಗೆ ಅಡ್ಡ ಮಲಗಿಸಿ, ಮೇಲೆ ಗೋಣಿಚೀಲ ಹೊದಿಸಿ, ಅದರ ಮೇಲೆ ಅಕ್ಕಿ ಮೂಟೆ ಇಟ್ಟಿರುತ್ತಾರೆ. ಅಕ್ಕಿ ಮೂಟೆಯ ಮೇಲಿನ ಸೀಟಿನಲ್ಲಿ ಮಕ್ಕಳು ಮಲಗಿರುತ್ತವೆ.

ಧರ್ಮಸ್ಥಳ, ಮಂತ್ರಾಲಯ, ತಿರುಪತಿ, ಶಬರಿಮಲೆ, ದೂರ ಹೋದರೆ ಕಾಶಿ. ವರ್ಷಕ್ಕೊಮ್ಮೆ ಊರಿಂದ ಒಂದು ಗಾಡಿ ಹೊರಡುತ್ತದೆ. ಒಲೆ, ಪಾತ್ರೆ, ಸಾಂಬಾರ್ ಪುಡಿ, ಉಪ್ಪಿನಕಾಯಿ ಎಲ್ಲಾ ಗಾಡಿಯಲ್ಲೇ ಇರುತ್ತದೆ. ಹೊರದೇಶದಲ್ಲಿ ಇಂಥದ್ದಕ್ಕೆ ಕ್ಯಾಂಪರ್ ವ್ಯಾನ್ ಅನ್ನುತ್ತಾರೆ. ನಾವು ಯಾತ್ರೆ ವ್ಯಾನು ಅನ್ನುತ್ತೇವೆ. ಅವರು ತಮ್ಮ ಗಾಡಿಯೊಳಗೆ ಅಡುಗೆಮನೆ ಇದೆ ಅಂತ ಒಪ್ಪಿಕೊಂಡು ಅದಕ್ಕೆ ನಿಯಮ ಮಾಡಿದ್ದಾರೆ. ನಾವು ಇಲ್ಲ ಅಂತ ನಟಿಸುತ್ತಾ ಗೋಣಿಚೀಲ ಹೊದಿಸುತ್ತೇವೆ. ಈ ನಟನೆ ನಿಲ್ಲಬೇಕು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ನಾನು ಬರೆಯದೇ ಬಿಟ್ಟ ಸುದ್ದಿ

ಮೊದಲು ನನ್ನ ತಪ್ಪು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ನಾನೂ ಮನೆಯವರ ಜತೆ ಇಂಥದೇ ಗಾಡಿಯಲ್ಲಿ ಹೋಗಿದ್ದೆ. ರಾತ್ರಿ ಘಾಟಿ ಇಳಿಯುವಾಗ ಚಳಿ ಅಂತ ಕಿಟಕಿ ಎಲ್ಲಾ ಹಾಕಿದ್ದೆವು. ಹಿಂದಿನ ಸೀಟಿನಲ್ಲಿದ್ದ ನನ್ನ ಅತ್ತೆ, "ಏನೋ ವಾಸನೆ ಬರ್ತಿದೆ, ಮೊಟ್ಟೆ ಕೊಳೆತ ಹಾಗೆ" ಅಂದರು. ನಾಲ್ಕು ಜನ ಬೈದರು, ಯಾತ್ರೆಗೆ ಹೋಗುವಾಗ ಮೊಟ್ಟೆ ಮಾತು ಆಡ್ತೀರಲ್ಲ ಅಂತ. ಅರ್ಧ ಗಂಟೆ ಆದಮೇಲೆ ಡ್ರೈವರ್ ಗಾಡಿ ನಿಲ್ಲಿಸಿ ಬೀಡಿ ಬಾಯಿಗಿಟ್ಟುಕೊಂಡು ಹಿಂದಿನ ಬಾಗಿಲು ತೆಗೆದ. ವಾಸನೆ ಅವನ ಮುಖಕ್ಕೇ ಹೊಡೆಯಿತು. ಬೀಡಿಗೆ ಇನ್ನೂ ಬೆಂಕಿ ಹಚ್ಚಿರಲಿಲ್ಲ, ಅದಷ್ಟೇ ನಮ್ಮ ಪುಣ್ಯ. ರೆಗ್ಯುಲೇಟರ್ ತೆಗೆಯದೇ ಸಿಲಿಂಡರ್ ಮಲಗಿಸಿದ್ದರು. ಕುಲುಕಾಟಕ್ಕೆ ಅದರ ನಾಬ್ ತಿರುಗಿತ್ತು.

ಎಲ್ಲರೂ ಇಳಿದೆವು, ಬಾಗಿಲು ಕಿಟಕಿ ತೆಗೆದಿಟ್ಟು ಒಂದು ಗಂಟೆ ರಸ್ತೆ ಬದಿ ಕೂತೆವು. "ದೇವರು ಕಾಪಾಡಿದ" ಅಂದೆವು, ಮತ್ತೆ ಹತ್ತಿದೆವು. ಸಿಲಿಂಡರ್ ಅದೇ ಜಾಗಕ್ಕೆ ಹೋಯಿತು.

ಆ ಸುದ್ದಿ ನಾನು ಬರೆಯಲಿಲ್ಲ. ಏನೂ ಆಗದಿದ್ದರೆ ಅದು ಸುದ್ದಿ ಅಲ್ಲ ಅಂತ ನಮಗೆ ಅಭ್ಯಾಸ ಆಗಿಬಿಟ್ಟಿದೆ. ಆದಾಗ ಬರೆಯುತ್ತೇವೆ, "ಸಿಲಿಂಡರ್ ಸ್ಫೋಟ, ಇಷ್ಟು ಸಾವು" ಅಂತ. ಆ ತಲೆಬರಹವೂ ಎಷ್ಟೋ ಸಲ ತಪ್ಪು. ಮೊದಲು ಸಿಡಿಯುವುದು ಸಿಲಿಂಡರ್ ಆಗಿರುವುದಿಲ್ಲ. ಅದರಿಂದ ಸೋರಿ ಗಾಡಿಯೊಳಗೆ ತುಂಬಿದ ಗ್ಯಾಸ್ ಹೊತ್ತಿಕೊಳ್ಳುತ್ತದೆ. ಸಿಲಿಂಡರ್ ಸಿಡಿಯಿತು ಅಂದರೆ ಕಂಪನಿ ತಪ್ಪು ಅನಿಸುತ್ತದೆ. ಗ್ಯಾಸ್ ಸೋರಿತು ಅಂದರೆ ಯಾರು ಎಲ್ಲಿಟ್ಟಿದ್ದರು, ಹೇಗೆ ತುಂಬಿಸಿದ್ದರು ಅಂತ ಕೇಳಬೇಕಾಗುತ್ತದೆ. ಕೇಳುವುದು ಯಾರಿಗೂ ಬೇಕಿಲ್ಲ.

2023ರ ಆಗಸ್ಟ್ 26ರ ಬೆಳಗಿನ ಜಾವ ಮದುರೈ ರೈಲು ನಿಲ್ದಾಣದ ಹತ್ತಿರ ನಿಂತಿದ್ದ ಒಂದು ಯಾತ್ರಾ ಬೋಗಿಗೆ ಬೆಂಕಿ ಬಿತ್ತು. ಉತ್ತರ ಪ್ರದೇಶದಿಂದ ಬಂದ ಯಾತ್ರಿಕರು ಇಡೀ ಬೋಗಿ ಬುಕ್ ಮಾಡಿಕೊಂಡು ಬಂದಿದ್ದರು. ಕದ್ದು ತಂದಿದ್ದ ಗ್ಯಾಸ್ ಸಿಲಿಂಡರ್ ಬೆಂಕಿಗೆ ಕಾರಣ ಅಂತ ರೈಲ್ವೆ ಹೇಳಿತು. 9 ಜನ ಸತ್ತರು. ರೈಲಿನಲ್ಲಿ ಸಿಲಿಂಡರ್ ಒಯ್ಯುವುದು ರೈಲ್ವೆ ಕಾಯ್ದೆಯ ಪ್ರಕಾರ ಅಪರಾಧ, 3 ವರ್ಷದವರೆಗೆ ಜೈಲು. ಕಾನೂನು ಇತ್ತು, ಸಿಲಿಂಡರೂ ಒಳಗೇ ಇತ್ತು. ಬೇಡ ಅಂದದ್ದಕ್ಕೆ ಜನ ಅಡುಗೆ ಬಿಡಲಿಲ್ಲ, ಬಚ್ಚಿಟ್ಟರು ಅಷ್ಟೇ. ಬಚ್ಚಿಡಲು ಸಿಗುವುದು ಗಾಳಿ ಆಡದ ಜಾಗವೇ.

ಅರ್ಧ ಕೆಜಿ ಸಾಕು

ಈ ಗ್ಯಾಸಿನ ಗುಣ ತಿಳಿದರೆ ಗೋಣಿಚೀಲ ಯಾಕೆ ಅಪಾಯ ಅಂತ ಗೊತ್ತಾಗುತ್ತದೆ. ಎಲ್‌ಪಿಜಿ ಅಂದರೆ ಪ್ರೊಪೇನ್ ಮತ್ತು ಬ್ಯೂಟೇನ್, ಒತ್ತಡದಲ್ಲಿ ದ್ರವ ಮಾಡಿ ತುಂಬಿದ್ದು. ಹೊರಗೆ ಬಂದರೆ ಒಂದು ಲೀಟರ್ ದ್ರವ ಸುಮಾರು 250 ಲೀಟರ್ ಗ್ಯಾಸ್ ಆಗುತ್ತದೆ. ಅದು ಗಾಳಿಗಿಂತ ಭಾರ, ಸುಮಾರು ಒಂದೂವರೆಯಿಂದ ಎರಡು ಪಟ್ಟು. ಹಾಗಾಗಿ ಮೇಲೆ ಹೋಗುವುದಿಲ್ಲ, ನೀರಿನ ಹಾಗೆ ತಗ್ಗಿಗೆ ಇಳಿದು ನಿಲ್ಲುತ್ತದೆ. ಮನೆಯಲ್ಲಾದರೆ ಹೊಸಿಲು ದಾಟಿ ಹೊರಗೆ ಹೋಗಬಹುದು. ವ್ಯಾನಿನ ನೆಲ ಸುತ್ತ ಕಟ್ಟೆ ಕಟ್ಟಿದ ತೊಟ್ಟಿ ಇದ್ದ ಹಾಗೆ. ಮೇಲಿನ ಕಿಟಕಿ ತೆಗೆದರೆ ಬೇಗ ಖಾಲಿ ಆಗುವುದಿಲ್ಲ.

ಗಾಳಿಯಲ್ಲಿ ಈ ಗ್ಯಾಸ್ ನೂರಕ್ಕೆ ಎರಡು ಭಾಗ ಬೆರೆತರೆ ಸಾಕು, ಕಿಡಿ ತಗುಲಿದರೆ ಹೊತ್ತಿಕೊಳ್ಳುತ್ತದೆ. ಟೆಂಪೋ ಟ್ರಾವೆಲರ್‌ನಂಥ ಗಾಡಿಯ ಒಳಗೆ ಹನ್ನೆರಡು ಘನ ಮೀಟರ್ ಜಾಗ ಇದೆ ಅಂದುಕೊಳ್ಳಿ. ಲೆಕ್ಕ ಹಾಕಿದರೆ ಅರ್ಧ ಕೆಜಿ ಗ್ಯಾಸ್ ಸೋರಿದರೆ ಇಡೀ ಗಾಡಿ ಆ ಮಟ್ಟಕ್ಕೆ ಬರುತ್ತದೆ. ನೆಲದಲ್ಲೇ ಕೂಡಿಕೊಳ್ಳುವುದರಿಂದ ಅಷ್ಟೂ ಬೇಕಾಗಿಲ್ಲ. ನಿಮ್ಮ ಮನೆ ಸಿಲಿಂಡರ್‌ನಲ್ಲಿ ಇರುವುದು 14.2 ಕೆಜಿ.

ಮಲಗಿಸುವುದರಲ್ಲಿ ಇನ್ನೊಂದು ಅಪಾಯ ಇದೆ. ಸಿಲಿಂಡರ್ ನೆಟ್ಟಗೆ ನಿಂತಿದ್ದರೆ ಕೆಳಗೆ ದ್ರವ, ಮೇಲೆ ಆವಿ. ಒಲೆಗೆ ಹೋಗಬೇಕಾದ್ದು ಆವಿ ಮಾತ್ರ. ಮಲಗಿಸಿದರೆ ಬಾಯಿಗೆ ದ್ರವವೇ ಬರುತ್ತದೆ. ಆ ಸ್ಥಿತಿಯಲ್ಲಿ ಒಲೆ ಹಚ್ಚಿದರೆ ಉರಿ ಆಳೆತ್ತರ ಎದ್ದೀತು. ಸೋರಿದರೂ ಅಷ್ಟೇ, ಆವಿ ಸೋರುವುದಕ್ಕಿಂತ ದ್ರವ ಸೋರುವುದು ಎಷ್ಟೋ ಪಟ್ಟು ಕೆಟ್ಟದ್ದು.

ಗ್ಯಾಸ್ ಕಿಟ್ ಹಾಕಿದ ವ್ಯಾನುಗಳಲ್ಲಿ ಇದೇ ತಪ್ಪು ಬೇರೆ ರೂಪದಲ್ಲಿ ಬರುತ್ತದೆ. "ಹೆಂಗೂ ಹಿಂದೆ ಗ್ಯಾಸ್ ಟ್ಯಾಂಕ್ ಇದೆಯಲ್ಲ, ಅದಕ್ಕೇ ಒಂದು ಪೈಪ್ ಎಳೆದು ಒಲೆಗೆ ಕೊಡಿ" ಅಂತ ಗ್ಯಾರೇಜಿನಲ್ಲಿ ಕೇಳುವವರನ್ನು ನಾನೇ ನೋಡಿದ್ದೇನೆ. ಎಂಜಿನ್‌ಗೆ ಹಾಕಿದ ಟ್ಯಾಂಕ್ ದ್ರವವನ್ನು ಹೊರಗೆ ಕಳಿಸುತ್ತದೆ, ಅದನ್ನು ಆವಿ ಮಾಡುವ ಸಾಧನ ಎಂಜಿನ್ ಹತ್ತಿರ ಇರುತ್ತದೆ. ಅದೇ ಪೈಪನ್ನು ಒಲೆಗೆ ಕೊಟ್ಟರೆ ಒಲೆಗೆ ದ್ರವ ಬರುತ್ತದೆ. ಅಂಥ ಜೋಡಣೆ ಮಾಡಿಕೊಡುತ್ತೇನೆ ಅನ್ನುವ ಮೆಕ್ಯಾನಿಕ್ ಎಷ್ಟೇ ಪರಿಚಯದವನಾದರೂ ಅಲ್ಲಿಂದ ಗಾಡಿ ತೆಗೆದುಕೊಂಡು ಬನ್ನಿ.

ತುಂಬಿಸುವ ಜಾಗದ ಕತೆ

ಸಿಲಿಂಡರ್ ಇಡುವ ಜಾಗದ ಹಾಗೇ ತುಂಬಿಸುವ ಜಾಗವೂ ಮುಖ್ಯ. ತಾಲ್ಲೂಕು ಕೇಂದ್ರಗಳ ಸಂದಿಗಳಲ್ಲಿ ಚಿಕ್ಕ ಸಿಲಿಂಡರ್ ತುಂಬಿಸುವ ಅಂಗಡಿಗಳಿವೆ. ಬೋರ್ಡ್ ಇರಲಿ ಬಿಡಲಿ, ಯಾರನ್ನು ಕೇಳಿದರೂ ದಾರಿ ತೋರಿಸುತ್ತಾರೆ. ಮನೆ ಸಿಲಿಂಡರ್ ತಲೆಕೆಳಗು ಮಾಡಿ, ನಡುವೆ ಒಂದು ಪೈಪ್ ಹಾಕಿ, ಕೆಳಗಿನ ಚಿಕ್ಕ ಸಿಲಿಂಡರ್‌ಗೆ ಇಳಿಸುತ್ತಾರೆ. ಸಾಕು ಅಂತ ಹೇಗೆ ಗೊತ್ತಾಗುತ್ತದೆ ಅಂತ ಒಬ್ಬನನ್ನು ಕೇಳಿದೆ. "ಕೈಯಲ್ಲಿ ಎತ್ತಿದರೆ ಗೊತ್ತಾಗುತ್ತೆ ಸಾರ್" ಅಂದ.

ಕೈಯಲ್ಲಿ ಎತ್ತಿದರೆ ಗೊತ್ತಾಗುವುದಿಲ್ಲ. ಮನೆ ಸಿಲಿಂಡರ್‌ನಲ್ಲಿ 33.3 ಲೀಟರ್ ನೀರು ಹಿಡಿಯುತ್ತದೆ. ಆದರೆ ಅದಕ್ಕೆ ಬಾಟ್ಲಿಂಗ್ ಪ್ಲಾಂಟಿನಲ್ಲಿ ತೂಕ ಮಾಡಿ 14.2 ಕೆಜಿ ಮಾತ್ರ ತುಂಬುತ್ತಾರೆ. ಅಂದರೆ ಸುಮಾರು ಐದನೇ ಒಂದು ಭಾಗ ದ್ರವ ಇಲ್ಲದೆ ಉಳಿಯುತ್ತದೆ. ಅದು ಕಂಪನಿ ಮಾಡುವ ಮೋಸ ಅಲ್ಲ. ಬಿಸಿ ಏರಿದರೆ ದ್ರವ ಹಿಗ್ಗುತ್ತದೆ, ಹಿಗ್ಗಲು ಜಾಗ ಬೇಕು. ಅಂದಾಜಿನಲ್ಲಿ ಕಂಠಮಟ್ಟ ತುಂಬಿದ ಸಿಲಿಂಡರ್‌ನಲ್ಲಿ ಆ ಜಾಗ ಇರುವುದಿಲ್ಲ. ಅದನ್ನು ಬಿಸಿಲಲ್ಲಿ ನಿಂತ ವ್ಯಾನಿನೊಳಗೆ ಇಟ್ಟು ನೀವು ದರ್ಶನದ ಸಾಲಿನಲ್ಲಿ ನಾಲ್ಕು ಗಂಟೆ ನಿಂತಿರುತ್ತೀರಿ.

ಇನ್ನು ಕಾನೂನು. ಮನೆ ಬಳಕೆ ಸಿಲಿಂಡರನ್ನು ಬೇರೆ ಕೆಲಸಕ್ಕೆ ಬಳಸುವುದು, ಒಂದರಿಂದ ಇನ್ನೊಂದಕ್ಕೆ ಇಳಿಸುವುದು, ಗಾಡಿಗೆ ತುಂಬುವುದು, ಮೂರೂ 2000ನೇ ಇಸವಿಯ ಎಲ್‌ಪಿಜಿ ಸರಬರಾಜು ಆದೇಶದ ಉಲ್ಲಂಘನೆ. 1955ರ ಅಗತ್ಯ ವಸ್ತುಗಳ ಕಾಯ್ದೆಯಡಿ ಕೇಸ್ ಬೀಳುತ್ತದೆ, ಶಿಕ್ಷೆ 7 ವರ್ಷದವರೆಗೆ ಹೋಗಬಹುದು. ವರ್ಷಕ್ಕೊಮ್ಮೆ ದಾಳಿ ನಡೆಯುತ್ತದೆ. ಹತ್ತಿಪ್ಪತ್ತು ಸಿಲಿಂಡರ್ ಸಾಲಾಗಿ ಇಟ್ಟು ಫೋಟೋ ತೆಗೆಸುತ್ತಾರೆ, ನಾವು ಹಾಕುತ್ತೇವೆ. ಪೈಪ್ ಹಿಡಿದ ಹುಡುಗನ ಮೇಲೆ ಕೇಸ್ ಆಗುತ್ತದೆ. ಅಷ್ಟು ಸಿಲಿಂಡರ್ ಅವನಿಗೆ ಯಾರ ಹೆಸರಿನ ಬುಕಿಂಗ್‌ನಲ್ಲಿ ಬಂತು ಅಂತ ಯಾರೂ ಕೇಳುವುದಿಲ್ಲ. ನಾವು ವರದಿಗಾರರೂ ಕೇಳುವುದಿಲ್ಲ.

ಅವರು ಹೇಗೆ ಮಾಡುತ್ತಾರೆ

ಬ್ರಿಟನ್, ಜರ್ಮನಿ, ಇಟಲಿ ಕಡೆ ಕ್ಯಾಂಪರ್ ವ್ಯಾನಿನಲ್ಲಿ ಒಲೆ ಇಡಲು ಮುಖ್ಯವಾಗಿ ಎರಡು ದಾರಿ ಇವೆ. ಒಂದು, ಸಿಲಿಂಡರ್‌ಗೆ ಪ್ರತ್ಯೇಕ ಪೆಟ್ಟಿಗೆ. ಜನ ಕೂರುವ ಭಾಗಕ್ಕೂ ಅದಕ್ಕೂ ಗಾಳಿ ಸೋರದ ಗೋಡೆ, ಬಾಗಿಲು ಸಾಮಾನ್ಯವಾಗಿ ಹೊರಗಿನಿಂದ. ಪೆಟ್ಟಿಗೆಯ ತಳದಲ್ಲಿ ರಸ್ತೆ ಕಾಣುವ ಹಾಗೆ ತೂತು ಬಿಟ್ಟಿರುತ್ತಾರೆ. ಸೋರಿದ ಗ್ಯಾಸ್ ಭಾರ ಅಲ್ಲವಾ, ಅಲ್ಲಿಂದ ಕೆಳಗಿಳಿದು ಹೊರಗೆ ಹೋಗುತ್ತದೆ. ಒಂದು ತೂತು ಅಷ್ಟು ಕೆಲಸ ಮಾಡುತ್ತದೆ. ನಾವು ಅದೇ ಜಾಗಕ್ಕೆ ಗೋಣಿಚೀಲ ತುರುಕುತ್ತೇವೆ.

ಎರಡನೇ ದಾರಿ, ಗಾಡಿಯ ಚಾಸಿಸ್ ಕೆಳಗೆ ಬೋಲ್ಟ್ ಹಾಕಿ ಬಿಗಿದ ಟ್ಯಾಂಕ್. ತುಂಬಿಸುವ ಬಾಯಿ ಗಾಡಿಯ ಹೊರಮೈಯಲ್ಲಿ, ಪೆಟ್ರೋಲ್ ಮುಚ್ಚಳದ ಹಾಗೆ. ಎಲ್‌ಪಿಜಿ ಪಂಪಿಗೆ ಹೋಗಿ ತುಂಬಿಸುತ್ತಾರೆ. ಟ್ಯಾಂಕಿನೊಳಗೆ ತೇಲುವ ಗುಂಡು ಇರುತ್ತದೆ, ನೂರಕ್ಕೆ 80 ಭಾಗ ತುಂಬಿದ ತಕ್ಷಣ ತಾನೇ ಬಾಯಿ ಮುಚ್ಚುತ್ತದೆ. ತುಂಬಿಸುವವನ ಅಂದಾಜಿಗೆ ಅಲ್ಲಿ ಕೆಲಸ ಇಲ್ಲ. ಒಲೆಗೆ ಹೋಗುವ ಪೈಪ್ ಟ್ಯಾಂಕಿನ ಮೇಲ್ಭಾಗದಿಂದ ಆವಿ ಮಾತ್ರ ತೆಗೆಯುತ್ತದೆ. ಯುರೋಪಿನ ಪಂಪುಗಳಲ್ಲಿ ನಳಿಕೆಯ ಬಾಯಿಯೇ ನಾಲ್ಕು ಬಗೆ, ದೇಶ ಬದಲಾದರೆ ಅಡಾಪ್ಟರ್ ಬದಲಾಯಿಸಬೇಕು. ಆ ತಾಪತ್ರಯ ಪಟ್ಟುಕೊಂಡು ಪಂಪಿಗೇ ಹೋಗುತ್ತಾರೆ.

ಇದನ್ನು ಓದಿ ನಾಳೆಯೇ ವೆಲ್ಡಿಂಗ್ ಶಾಪಿಗೆ ಹೋಗಬೇಡಿ. ನಮ್ಮಲ್ಲಿ ಗಾಡಿಯ ಮೂಲ ವಿನ್ಯಾಸ ಬದಲಾಯಿಸಲು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ, ಅನುಮತಿ ಬೇಕು. ಎಂಜಿನ್‌ಗೆ ಹಾಕುವ ಗ್ಯಾಸ್ ಕಿಟ್ಟೂ ಅನುಮೋದನೆ ಪಡೆದದ್ದೇ ಆಗಿರಬೇಕು, ಆರ್‌ಸಿಯಲ್ಲಿ ಸೇರಬೇಕು, ಟ್ಯಾಂಕನ್ನು 5 ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಬೇಕು. ನಾನು ಹೇಳುತ್ತಿರುವುದು ಇಷ್ಟೇ: ಇದು ರಾಕೆಟ್ ವಿದ್ಯೆ ಅಲ್ಲ. ಹೊರಗೆ ಬಾಗಿಲು, ತಳದಲ್ಲಿ ತೂತು, ತುಂಬುವಾಗ ಅಳತೆ. ಒಪ್ಪಿಕೊಂಡವರಿಗೆ ಸುಲಭ, ಬಚ್ಚಿಡುವವರಿಗೆ ಅಸಾಧ್ಯ.

"ಹೋಟೆಲ್‌ನಲ್ಲಿ ತಿನ್ನಿ" ಅನ್ನುವವರಿಗೆ

ಇಷ್ಟು ಹೇಳಿದರೆ ಅಧಿಕಾರಿಗಳು ಹೇಳುವುದು ಒಂದೇ ಮಾತು: "ಗಾಡಿಯಲ್ಲಿ ಅಡುಗೆ ಯಾಕೆ ಬೇಕು? ಹೋಟೆಲ್‌ನಲ್ಲಿ ತಿನ್ನಲಿ."

ಹದಿನೈದು ಜನ, ಆರು ದಿನ, ದಿನಕ್ಕೆ ಮೂರು ಹೊತ್ತು. ಒಟ್ಟು 270 ಊಟ ತಿಂಡಿ. ಒಂದಕ್ಕೆ 80 ರೂಪಾಯಿ ಹಿಡಿದರೂ 21,600 ರೂಪಾಯಿ. ಕೂಲಿ ಮಾಡಿ ವರ್ಷವಿಡೀ ಚೀಟಿ ಕಟ್ಟಿ ಯಾತ್ರೆಗೆ ಹೊರಟವರಿಗೆ ಅದು ಎಷ್ಟು ದೊಡ್ಡ ಮೊತ್ತ ಅಂತ ಎಸಿ ಕೋಣೆಯಲ್ಲಿ ಕೂತವರಿಗೆ ಗೊತ್ತಾಗುವುದಿಲ್ಲ. ದುಡ್ಡಿನ ಮಾತು ಬಿಡಿ. ವ್ರತ ಹಿಡಿದವರು ಹೊರಗೆ ತಿನ್ನುವುದಿಲ್ಲ. ಸಕ್ಕರೆ ಕಾಯಿಲೆಯ ಅಜ್ಜನಿಗೆ ಮುದ್ದೆ ಬೇಕು. ಕೂಸಿಗೆ ಹಾಲು ಬಿಸಿ ಮಾಡಬೇಕು.

ಇದೇ ಸರ್ಕಾರಗಳಿಗೆ ಕಾರವಾನ್ ಪ್ರವಾಸೋದ್ಯಮ ಅಂದರೆ ಬಹಳ ಪ್ರೀತಿ. ನಮ್ಮ ಅಯ್ಯಪ್ಪ ಭಕ್ತರು ಹೋಗುವ ಕೇರಳದಲ್ಲಿ 2021ರಲ್ಲಿ ಕಾರವಾನ್‌ಗಳಿಗೇ ಪ್ರತ್ಯೇಕ ನೀತಿ ತಂದರು, ನಿಲ್ಲಿಸಲು ಪಾರ್ಕ್ ಯೋಜನೆ ಮಾಡಿದರು. ದೇಶದಲ್ಲಿ ಕಾರವಾನ್ ಗಾಡಿಗಳಿಗೆ ಎಐಎಸ್-124 ಅನ್ನುವ ಮಾನದಂಡವೂ ಇದೆ. ದುಡ್ಡಿದ್ದವರು ಗಾಡಿಯಲ್ಲಿ ಅಡುಗೆ ಮಾಡಿದರೆ ಪ್ರವಾಸೋದ್ಯಮ, ಅದಕ್ಕೆ ನೀತಿ ಮತ್ತು ಪಾರ್ಕ್. ಊರಿನವರು ಮಾಡಿದರೆ ಅಪರಾಧ, ಅದಕ್ಕೆ ಗೋಣಿಚೀಲ ಮತ್ತು ಚೆಕ್‌ಪೋಸ್ಟಿನಲ್ಲಿ ಕೈಬಿಸಿ. ಸಿಲಿಂಡರ್ ಕಂಡ ಪೊಲೀಸ್ ಅದನ್ನು ಇಳಿಸಿದ್ದನ್ನು ನಾನು ನೋಡಿಲ್ಲ, ಏನೋ ಇಸಿದುಕೊಂಡು ಬಿಟ್ಟದ್ದನ್ನು ನೋಡಿದ್ದೇನೆ.

ಊರಿನವರಿಗೂ ಒಂದು ಮಾತು. "ಅಜ್ಜನ ಕಾಲದಿಂದ ಅಡುಗೆ ಮಾಡಿಕೊಂಡೇ ಹೋಗ್ತಿದ್ದೀವಿ, ಏನಾಗಿದೆ?" ಅನ್ನುತ್ತೀರಿ. ಅಜ್ಜ ಗಾಡಿ ನಿಲ್ಲಿಸಿ, ಮರದ ಕೆಳಗೆ ಮೂರು ಕಲ್ಲಿಟ್ಟು ಸೌದೆ ಹಚ್ಚುತ್ತಿದ್ದ. ಸೌದೆ ಸೋರುವುದಿಲ್ಲ. ಅಜ್ಜನಿಂದ ಕಲಿಯುವುದಾದರೆ ಗಾಡಿಯಿಂದ ಇಳಿದು ಅಡುಗೆ ಮಾಡುವುದನ್ನು ಕಲಿಯಿರಿ. ಮಳೆ ಅಂತ ಬಾಗಿಲು ಹಾಕಿಕೊಂಡು ಒಳಗೇ ಒಲೆ ಹಚ್ಚಿದರೆ ಬೆಂಕಿ ಬೀಳದಿದ್ದರೂ ಕಾರ್ಬನ್ ಮೊನಾಕ್ಸೈಡ್ ಅನ್ನುವ ವಾಸನೆ ಇಲ್ಲದ ವಿಷ ತುಂಬಿಕೊಳ್ಳುತ್ತದೆ. ನಿದ್ದೆಯಲ್ಲೇ ಜೀವ ಹೋಗುತ್ತದೆ.

ಆಗಬೇಕಾದ್ದು

ಜನ ಕೂತ ಗಾಡಿಯಲ್ಲಿ ಸಿಲಿಂಡರ್ ಪ್ರಯಾಣ ಮಾಡಲೇಬೇಕು ಅಂತ ಇಲ್ಲ. 5 ಕೆಜಿಯ ಚಿಕ್ಕ ಸಿಲಿಂಡರನ್ನು ತೈಲ ಕಂಪನಿಗಳೇ ಮಾರುತ್ತವೆ. ಇಂಡೇನ್‌ನದ್ದಕ್ಕೆ ಛೋಟು ಅಂತ ಹೆಸರು. ವಿಳಾಸದ ದಾಖಲೆ ಬೇಡ, ಗುರುತಿನ ಚೀಟಿ ಸಾಕು. ಏಜೆನ್ಸಿಗಳಲ್ಲಿ, ಕೆಲವು ಪೆಟ್ರೋಲ್ ಬಂಕ್‌ಗಳಲ್ಲಿ ಸಿಗುತ್ತದೆ. ಹೋದ ಊರಿನಲ್ಲೇ ತೆಗೆದುಕೊಳ್ಳಬಹುದು. ಇದು ತೂಕ ಮಾಡಿ ತುಂಬಿದ, ಪರೀಕ್ಷೆ ಆದ ಸಿಲಿಂಡರ್. ಸಂದಿ ಅಂಗಡಿಯದ್ದು ಅಂಥದ್ದಲ್ಲ. ಆದರೆ ನಮ್ಮ ಹಳ್ಳಿಗಳಲ್ಲಿ ಎಷ್ಟು ಜನಕ್ಕೆ ಇದು ಗೊತ್ತು? ಏಜೆನ್ಸಿಯವರು ಗೋಡೆ ಮೇಲೆ ದೊಡ್ಡದಾಗಿ ಬರೆಸಬೇಕು, ಇಲ್ಲ ಅನ್ನದೆ ಕೊಡಬೇಕು.

ಯಾತ್ರಾ ಸ್ಥಳಗಳ ಪಾರ್ಕಿಂಗ್‌ನಲ್ಲಿ ಶುಲ್ಕ ವಸೂಲಿ ಮಾಡುತ್ತಾರಲ್ಲ, ಅಲ್ಲೇ ಒಂದು ಶೀಟಿನ ಚಪ್ಪರ, ಸಿಮೆಂಟ್ ಕಟ್ಟೆ, ನಲ್ಲಿ ಬೇಕು. ನಾಲ್ಕೂ ಕಡೆ ಗಾಳಿ ಆಡುವಂತಿರಬೇಕು. ಇಷ್ಟು ಮಾಡಿದರೆ ಗಾಡಿಯೊಳಗೆ ಒಲೆ ಹಚ್ಚುವ ಅಗತ್ಯವೇ ಬಹಳ ಮಟ್ಟಿಗೆ ಇರುವುದಿಲ್ಲ. ಗಾಡಿಯಲ್ಲೇ ಗ್ಯಾಸ್ ಬೇಕು ಅನ್ನುವ ಬಾಡಿಗೆ ವ್ಯಾನುಗಳಿಗೆ ಸಾರಿಗೆ ಇಲಾಖೆ ಹೊರಬಾಗಿಲಿನ ಪೆಟ್ಟಿಗೆಯ ಒಂದು ಸರಳ ನಕ್ಷೆ ಒಪ್ಪಿ ಕೊಡಲಿ. ಎಫ್‌ಸಿ ಸಮಯದಲ್ಲಿ ಸೀಟಿನ ಕೆಳಗೆ ಬಗ್ಗಿ ನೋಡಲಿ. ದಾಳಿ ಮಾಡುವವರು ಸಿಲಿಂಡರ್ ಬಂದ ದಾರಿ ಹಿಡಿದು ಹಿಂದಕ್ಕೆ ಹೋಗಲಿ.

ಅಲ್ಲಿಯವರೆಗೆ ನಿಮ್ಮ ಕೈಯಲ್ಲಿರುವುದು ಇಷ್ಟು. ಮನೆ ಸಿಲಿಂಡರ್ ಮನೆಯಲ್ಲೇ ಇರಲಿ. ಅವಘಡ ಆದರೆ ಕಂಪನಿಗಳ ವಿಮೆಯಲ್ಲಿ ಆಸ್ತಿ ನಷ್ಟದ ಪರಿಹಾರ ಗ್ರಾಹಕರ ನೋಂದಾಯಿತ ವಿಳಾಸಕ್ಕೆ ಮಾತ್ರ ಅನ್ನುವುದೂ ನೆನಪಿರಲಿ. ಬಳಸುವ ಸಿಲಿಂಡರ್ ಯಾವುದೇ ಆದರೂ ನೆಟ್ಟಗೆ ನಿಲ್ಲಿಸಿ, ಕೆಲಸ ಮುಗಿದ ತಕ್ಷಣ ರೆಗ್ಯುಲೇಟರ್ ತೆಗೆದು ಬಾಯಿಗೆ ಮುಚ್ಚಳ ಹಾಕಿ. ಸಿಲಿಂಡರ್‌ನ ಕತ್ತಿನ ಹತ್ತಿರ ಪಟ್ಟಿಯ ಒಳಗೆ ಎ, ಬಿ, ಸಿ, ಡಿ ಅಕ್ಷರ ಮತ್ತು ಇಸವಿ ಇರುತ್ತದೆ. ಎ ಅಂದರೆ ಮಾರ್ಚ್‌ವರೆಗೆ, ಬಿ ಜೂನ್, ಸಿ ಸೆಪ್ಟೆಂಬರ್, ಡಿ ಡಿಸೆಂಬರ್. ಆ ಅವಧಿ ದಾಟಿದ್ದರೆ ಮರುಪರೀಕ್ಷೆ ಬಾಕಿ ಅಂತ ಅರ್ಥ, ವಾಪಸ್ ಕೊಡಿ. ಸೋರಿಕೆ ನೋಡಲು ಸೋಪಿನ ನೊರೆ ಹಚ್ಚಿ, ಕಡ್ಡಿ ಗೀರಬೇಡಿ. ವಾಸನೆ ಬಂದರೆ ಲೈಟಿನ ಸ್ವಿಚ್ ಮುಟ್ಟದೆ, ಎಂಜಿನ್ ಆಫ್ ಮಾಡಿ, ಎಲ್ಲರನ್ನೂ ಇಳಿಸಿ ದೂರ ಹೋಗಿ. ಅಲ್ಲಿಂದ 1906ಕ್ಕೆ ಫೋನ್ ಮಾಡಿ, ಅದು ಗ್ಯಾಸ್ ಸೋರಿಕೆಯ ತುರ್ತು ಸಂಖ್ಯೆ.

ಮುಂದಿನ ಸಲ ನಿಮ್ಮ ಊರಿನಿಂದ ವ್ಯಾನು ಹೊರಡುವಾಗ, ತೆಂಗಿನಕಾಯಿ ಒಡೆಯುವ ಮೊದಲು, ಯಾರಾದರೂ ಒಬ್ಬರು ಎಲ್ಲರಿಗೂ ಕೇಳುವ ಹಾಗೆ ಆ ಪ್ರಶ್ನೆ ಕೇಳಿ. ಸಿಲಿಂಡರ್ ಎಲ್ಲಿಟ್ಟಿದ್ದೀರಿ? ಉತ್ತರ ಬರುವವರೆಗೆ ಮಕ್ಕಳನ್ನು ಹತ್ತಿಸಬೇಡಿ. ನನ್ನ ಅತ್ತೆ ಆ ರಾತ್ರಿ ಕೇಳಿದ್ದು ಅದನ್ನೇ. ನಾವು ಅವರನ್ನು ಬೈದು ಸುಮ್ಮನಾಗಿಸಿದ್ದೆವು.